ಎರಡೂ ಕಿವಿ ಚೆನ್ನಾಗಿವೆ ಎಂಬ ವರದಿಯನ್ನು ರದ್ದುಪಡಿಸುವ ಬಗ್ಗೆ

ಇಂದ,
ಮಾಜಿ ಸಿಪಾಯಿ, ಫಿರಂಗಿ ದಳ
(ಬೀದಿಯಲ್ಲಿ ‘ಆಯ್ತಪ್ಪ’ ಎಂದೇ ಪರಿಚಿತ; ಕಾರಣ ಕಲಂ 2ರಲ್ಲಿದೆ)

ಗೆ,
ಮಾನ್ಯ ಅಧ್ಯಕ್ಷರು,
ಮಾಜಿ ಸೈನಿಕರ ಅಂಗವೈಕಲ್ಯ ಪರಿಹಾರ ಮಂಡಳಿ,
ಎರಡನೇ ಮಹಡಿ (ಲಿಫ್ಟ್ ಕೆಟ್ಟಿದೆ)

ವಿಷಯ: ಅರ್ಜಿದಾರನಿಗೆ ಕಿವಿ ಕೇಳಿಸುವುದಿಲ್ಲವೆಂದು ದಯವಿಟ್ಟು ಒಪ್ಪಿಕೊಳ್ಳುವ ಕುರಿತು.

ಉಲ್ಲೇಖ: (ಅ) ಕಿವುಡನೆಂದು ಸೇನೆಯು ಅರ್ಜಿದಾರನನ್ನು ಬಿಡುಗಡೆ ಮಾಡಿದ ಆದೇಶ.
(ಆ) ಕಿವುಡನಲ್ಲವೆಂದು ತಾವು ಅವನ ಕೋರಿಕೆಯನ್ನು ತಿರಸ್ಕರಿಸಿದ ಆದೇಶ.
(ಇ) ‘ಮೂರು ಸಲ ಮೈಕಿನಲ್ಲಿ ಕೂಗಿದರೂ ಹಾಜರಾಗಲಿಲ್ಲ’ ಎಂಬ ತಮ್ಮದೇ ಗುಮಾಸ್ತರ ಷರಾ.

ಮಾನ್ಯರೇ,

1. ಸದರಿ ಅರ್ಜಿದಾರನು ಹದಿನೇಳು ವರ್ಷ ಫಿರಂಗಿಯ ಪಕ್ಕದಲ್ಲಿ ನಿಂತವನು. ಅಲ್ಲಿ ಯಾರ ಮಾತೂ ಯಾರಿಗೂ ಕೇಳಿಸದ ಕಾರಣ ಕೆಲಸವೆಲ್ಲ ಸನ್ನೆಯಲ್ಲೇ ನಡೆಯುತ್ತದೆ. ದಳದ ಮುಖ್ಯಸ್ಥರು ಹುಬ್ಬು ಹಾರಿಸಿದರೆ ‘ಸಿದ್ಧವೇ?’ ಎಂದರ್ಥ. ಸಿದ್ಧನಿದ್ದವನು ಕೈ ಎತ್ತಬೇಕು. ಎತ್ತದವನು ಮೈದಾನ ಸುತ್ತಬೇಕು. ಅರ್ಜಿದಾರನು ಮೊದಲ ವರ್ಷ ಸಾಕಷ್ಟು ಸುತ್ತಿದ್ದಾನೆ.

2. ಮನೆಗೆ ಬಂದ ಮೇಲೆ, ಯಾರು ಏನು ಕೇಳಿದರೂ ‘ಆಯ್ತಪ್ಪ’ ಎನ್ನುವುದೇ ಕ್ಷೇಮವೆಂದು ಅವನು ಕಂಡುಕೊಂಡನು. ಆದ್ದರಿಂದ ಬೀದಿ ಕೊನೆಯ ಮರವನ್ನು ಕಡಿಸುವ ಸಮಿತಿಗೂ, ಅದೇ ಮರವನ್ನು ಉಳಿಸುವ ಸಮಿತಿಗೂ ಈಗ ಅವನೇ ಅಧ್ಯಕ್ಷ.

3. ತಮ್ಮ ಪರೀಕ್ಷೆಯ ದಿನ ಅವನನ್ನು ಗಾಜಿನ ಕೋಣೆಯಲ್ಲಿ ಕೂರಿಸಿ, ತಲೆಗೆ ಹೆಡ್‌ಫೋನ್ ಸಿಕ್ಕಿಸಿ, ಶಬ್ದ ಕೇಳಿದಾಗ ಕೈ ಎತ್ತಬೇಕೆಂದು ಬರೆದ ಚೀಟಿ ತೋರಿಸಲಾಯಿತು. ಗಾಜಿನಾಚೆ ಪರೀಕ್ಷಕಿಯವರು ಗುಂಡಿ ಒತ್ತುತ್ತಿದ್ದರು. ಒತ್ತಿದಾಗಲೆಲ್ಲ ಅವರ ಎಡ ಹುಬ್ಬು ಮೇಲೇರುತ್ತಿತ್ತು. ಹುಬ್ಬು ಏರಿದ ಕಾರಣ ಕೈಯೂ ಏರಿತು. ನಲವತ್ತು ಸಲ ಏರಿತು. ‘ಈ ವಯಸ್ಸಿಗೆ ಅಪರೂಪದ ಶ್ರವಣಶಕ್ತಿ’ ಎಂದು ಅವರು ಮೆಚ್ಚಿ ಬರೆದರು. ಅರ್ಜಿದಾರನು ಹೆಮ್ಮೆಪಟ್ಟು ಮನೆಗೆ ಬಂದನು. ಮಾಡಿಕೊಂಡ ಎಡವಟ್ಟು ಅವನಿಗೆ ತಿಳಿದದ್ದು ತಮ್ಮ ಆದೇಶ ಓದಿದ ಮೇಲೆಯೇ.

4. ಕೋರಿಕೆ ಮಂಜೂರಾದರೆ ಮಾತ್ರ ತಾವು ಕಿವಿಯ ಮೆಷಿನ್ ಕೊಡುತ್ತೀರಿ. ಮೇಲ್ಮನವಿಗೆ ಇದೊಂದೇ ಅವಕಾಶ. ಅದಕ್ಕೆ ಒಂದೇ ಮನೆಯಲ್ಲಿರುವ ರಕ್ತಸಂಬಂಧಿಯ ಹೇಳಿಕೆ ಬೇಕು. ಅರ್ಜಿದಾರನಿಗೆ ಇರುವವರು ಎಪ್ಪತ್ತೆಂಟು ವರ್ಷದ ತಾಯಿಯೊಬ್ಬರೇ. ಕಿವಿ ಹೋದ ಸಂಗತಿಯನ್ನು ಅವನು ಮುಚ್ಚಿಟ್ಟಿದ್ದು ಅವರೊಬ್ಬರಿಂದಲೇ. ಬೆನ್ನು ನೋವೆಂದು ಸೇನೆಯವರು ಕಳಿಸಿದರು ಎಂದು ನಂಬಿಸಿ, ಆಗಾಗ ಬೆನ್ನು ಹಿಡಿದುಕೊಂಡು ನಡೆದೂ ತೋರಿಸಿದ್ದನು.

5. ಮುಚ್ಚಿಟ್ಟ ಕಾರಣ: ತಾಯಿಯವರು ದಿನಾ ಸಂಜೆ ಆರಕ್ಕೆ ಮರದ ಬೆಂಚಿನ ಮೇಲೆ ಕೂತು ಪುರಾಣದ ಪದ್ಯ ಹೇಳುತ್ತಾರೆ. ಅರ್ಜಿದಾರನು ಅಕ್ಷರ ಕಲಿಯುವ ಮೊದಲೇ ಅವನ್ನು ಕೇಳಿ ಕಲಿತವನು. ಮಗನಿಗೆ ಕೇಳದು ಎಂದರೆ ಅವರು ನಿಲ್ಲಿಸಿಬಿಟ್ಟಾರು ಎಂದು ಅವನಿಗೆ ಭಯ. ಆದ್ದರಿಂದ ಎರಡು ವರ್ಷ ಅದೇ ಬೆಂಚಿನಲ್ಲಿ ಕೈ ಮುಗಿದು, ಕಣ್ಣು ಮುಚ್ಚಿ, ಅವರು ತೊಡೆ ತಟ್ಟುವ ತಾಳ ಹಲಗೆಯಲ್ಲಿ ನಡುಗುವುದನ್ನು ಎಣಿಸಿ, ಪದ್ಯ ಮುಗಿಯುವಲ್ಲಿ ತಪ್ಪದೆ ‘ಆಹಾ’ ಎಂದಿದ್ದಾನೆ.

6. ಕಳೆದ ಸೋಮವಾರ ಬೇರೆ ದಾರಿ ಕಾಣದೆ ಹೇಳಿಕೆಯ ನಮೂನೆಯನ್ನು ಅವರ ಮುಂದಿಟ್ಟನು. ಅವರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, ಅವನ ಗಲ್ಲ ಹಿಡಿದು ಮುಖ ತಮ್ಮ ಕಡೆ ತಿರುಗಿಸಿಕೊಂಡು, ತುಟಿ ಕಾಣುವಂತೆ ಬಿಡಿಸಿ ಹೇಳಿದರು:

“ಎಂಟು ತಿಂಗಳ ಹಿಂದೇನೇ ಗೊತ್ತಾಯ್ತು ಕಣೋ. ಅನುಮಾನ ಬಂದು, ಯುದ್ಧದ ಪದ್ಯದ ರಾಗದಲ್ಲೇ ನಿಮ್ಮಪ್ಪನ ಕಡೆಯವರನ್ನೆಲ್ಲ ಸಾಲಾಗಿ ಬೈದೆ. ನೀನು ಕಣ್ಣು ಮುಚ್ಕೊಂಡು ಆಹಾ ಅಂದೆ. ಮಾರನೇ ದಿನ ನಿನ್ನನ್ನೇ ಬೈದೆ. ಅದಕ್ಕೂ ಅಂದೆ.”

ಮತ್ತೆ ಯಾಕೆ ಹೇಳುತ್ತಲೇ ಇದ್ದಿರಿ ಎಂದು ಅವನು ಕೇಳಲಾಗಿ,

“ನೀನು ಬಂದು ಕೂರ್ತಾನೇ ಇದ್ಯಲ್ಲೋ” ಎಂದರು.

ಅಂದು ಸಂಜೆ ಆರಕ್ಕೂ ಅರ್ಜಿದಾರನು ಬೆಂಚಿಗೆ ಹೋಗಿ ಕೂತನು. ಬೆನ್ನು ನೋವಿಗೆಂದು ಎರಡು ವರ್ಷ ತಮ್ಮಿಂದ ಎಣ್ಣೆ ತಿಕ್ಕಿಸಿಕೊಂಡಿದ್ದಕ್ಕೆ ತಾಯಿಯವರು ಆಮೇಲೆ ಬೇರೆಯಾಗಿ ಬೈದರು. ಅದನ್ನು ಅವನು ಅವರ ತುಟಿಯಲ್ಲೇ ಪೂರ್ತಿ ಓದಿಕೊಂಡನು.

7. ಕಾರಣ, ಪ್ರಾರ್ಥನೆ ಏನೆಂದರೆ: ಮರುಪರೀಕ್ಷೆ ಮಾಡಬೇಕು. ಪರೀಕ್ಷಕಿಯವರು ಬೆನ್ನು ತಿರುಗಿಸಿ ಕೂರಬೇಕು, ಇಲ್ಲವೇ ಹುಬ್ಬನ್ನು ಪರೀಕ್ಷೆ ಮುಗಿಯುವವರೆಗೆ ಮಂಡಳಿಯ ಸುಪರ್ದಿಗೆ ಒಪ್ಪಿಸಬೇಕು. ತಾಯಿಯವರ ದನಿ ವರ್ಷದಿಂದ ವರ್ಷಕ್ಕೆ ಸಣ್ಣದಾಗುತ್ತಿದೆಯೆಂದು ಪಕ್ಕದ ಮನೆಯ ದರ್ಜಿ ಬರೆದು ತೋರಿಸಿದ್ದಾನೆ. ಮೆಷಿನ್ ಬಂದ ದಿನ ಆ ಬೈಗುಳದ ಪದ್ಯಗಳನ್ನು ಮೊದಲಿಂದ ಹೇಳುವುದಾಗಿ ಅವರು ಮಾತು ಕೊಟ್ಟಿದ್ದಾರೆ. ಆದ್ದರಿಂದ ವಿಷಯ ತುರ್ತಿನದು.

ತಮ್ಮ ವಿಶ್ವಾಸಿ, ಹಾಗೂ ತಮ್ಮದೇ ವರದಿಯಂತೆ ಅಪರೂಪದ ಶ್ರವಣಶಕ್ತಿಯುಳ್ಳವ,
(ಸಹಿ)

ಲಗತ್ತುಗಳು:
1. ತಾಯಿಯವರ ಹೇಳಿಕೆ: ‘ಇವನಿಗೆ ಕೇಳಲ್ಲ. ಸುಳ್ಳು ಹೇಳೋಕೂ ಬರಲ್ಲ.’
2. ಮರದ ಎರಡೂ ಸಮಿತಿಗಳ ಒಂದೇ ದಿನದ ನಡಾವಳಿ, ಎರಡಕ್ಕೂ ಅರ್ಜಿದಾರನ ಸಹಿ.
3. ಬೈಗುಳದ ಪದ್ಯಗಳು: ಲಗತ್ತಿಸಿಲ್ಲ. ಅರ್ಜಿದಾರನು ಮೊದಲು ಕೇಳಬೇಕಾಗಿದೆ.

ವಿ.ಸೂ.: ತೀರ್ಪಿನ ದಿನ ದಯವಿಟ್ಟು ಮೈಕಿನಲ್ಲಿ ಕೂಗಬೇಡಿ. ಅರ್ಜಿದಾರನು ಎದುರಿನ ಬೆಂಚಿನಲ್ಲಿ ತಮ್ಮನ್ನೇ ನೋಡುತ್ತ ಕೂತಿರುತ್ತಾನೆ. ಮಂಜೂರಾಗಿದ್ದರೆ ಒಂದು ಕೈ ಎತ್ತಿದರೆ ಸಾಕು.