ಹತ್ತು ಸ್ಕ್ರೂ, ಒಂದು ಡಾಕ್ಟರೇಟು

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನಾನು ಹಿಂದೆಂದೂ ಬರೆದವನಲ್ಲ. ನಗು ಬರುವ ಜಾಗಕ್ಕೆ ಮೊದಲೇ ವಿವರಣೆ ಕೊಟ್ಟು ಕೆಡಿಸುವುದು ನನ್ನ ಅಭ್ಯಾಸ ಎಂದು ಮನೆಯಲ್ಲಿ ಹೇಳುತ್ತಾರೆ. ಆದರೆ ಹಳೆಯ ಮೋಟರ್‌ಸೈಕಲ್ಲು ಇಟ್ಟುಕೊಂಡವನಿಗೆ ಇಂಥವು ವಾರಕ್ಕೊಂದು ನಡೆಯುತ್ತಲೇ ಇರುತ್ತವೆ. ಚೆನ್ನಾಗಿ ಬರೆಯುವವರು ಯಾರೂ ಅದನ್ನು ಇಟ್ಟುಕೊಂಡಿಲ್ಲವಾದ್ದರಿಂದ ನಾನೇ ಬರೆಯಬೇಕಾಗಿದೆ.

ಹಿನ್ನೆಲೆ ಇಷ್ಟು. ನಮಗಿರುವುದು ಒಂದು ಕಾರು. ಅದನ್ನು ನನ್ನ ಹೆಂಡತಿ ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಲ್ಯಾಬಿಗೆ ಒಯ್ಯುತ್ತಾಳೆ. ನನ್ನ ಆಫೀಸು ಕೊಲ್ಲಿಯ ಮೇಲಿನ ಸೇತುವೆಯ ಆಚೆ, ಮೆನ್ಲೋ ಪಾರ್ಕಿನಲ್ಲಿ. ಹೀಗಾಗಿ ಹತ್ತು ವರ್ಷ ಹಳೆಯ ಜಪಾನಿ ಮೋಟರ್‌ಸೈಕಲ್ಲೊಂದನ್ನು ಕೊಂಡೆ. ಎರಡೇ ವಾರಕ್ಕೆ ಅದರ ಕ್ಲಚ್ಚು ಜಾರತೊಡಗಿತು. ಅಂದರೆ ಎಂಜಿನ್ನು ಓಡುತ್ತದೆ, ಚಕ್ರ ಓಡುವುದಿಲ್ಲ. ಅದು ಸರಿಹೋಗುವ ತನಕ ನಮ್ಮ ಅಪಾರ್ಟ್‌ಮೆಂಟಿನ ಡಾಕ್ಟರ ಕಾರಿನಲ್ಲಿ ಹೋಗಬೇಕಾಯಿತು.

ಇವರು ರೋಗಿಗಳ ಡಾಕ್ಟರಲ್ಲ. ಲೋಹಶಾಸ್ತ್ರದಲ್ಲಿ ಡಾಕ್ಟರೇಟು ಪಡೆದವರು. ಆದರೂ ಹಬ್ಬದೂಟದಲ್ಲಿ ಯಾರಾದರೂ ಹೊಟ್ಟೆನೋವು ಅಂತ ಹೋದರೆ ಇಲ್ಲ ಅಂದವರಲ್ಲ. ಕಾರಿನಲ್ಲಿ ಅವರ ಪ್ರತಿ ಮಾತೂ ಶುರುವಾಗುವುದು, "ನಿಮ್ಮ ಜಾಗದಲ್ಲಿ ನಾನಿದ್ದಿದ್ರೆ" ಎಂದು. ಫ್ರೀವೇ ಮೇಲೆ ಎಲ್ಲರೂ ನಮ್ಮನ್ನು ದಾಟಿ ಹೋಗುವಷ್ಟು ನಿಧಾನವಾಗಿ ಓಡಿಸುತ್ತಾರೆ, ಮಾತು ಮುಗಿಯಬೇಕಲ್ಲ. ಆ ಸೀಟಿನಿಂದ ಬಿಡುಗಡೆ ಆಗಲಿ ಎಂಬುದೊಂದೇ ನನ್ನ ಪ್ರಾರ್ಥನೆಯಾಗಿತ್ತು.

೧. ಲೋಹ ಮೃದು

ಕ್ಲಚ್ಚು ಇರುವುದು ಎಂಜಿನ್ನಿನ ಪಕ್ಕದ ಮುಚ್ಚಳದ ಒಳಗೆ. ಮುಚ್ಚಳಕ್ಕೆ ಹತ್ತು ಸ್ಕ್ರೂ, ತಲೆಯ ಮೇಲೆ ಪ್ಲಸ್ ಗುರುತಿನವು. ಜಪಾನಿನ ಪ್ಲಸ್ಸೇ ಬೇರೆ, ಇಲ್ಲಿನ ಪ್ಲಸ್ಸೇ ಬೇರೆ. ಇಲ್ಲಿನ ಸ್ಕ್ರೂಡ್ರೈವರು ಅದರಲ್ಲಿ ತಳ ಮುಟ್ಟುವುದಿಲ್ಲ, ಜಾರಿ ಮೇಲೆದ್ದು ತಲೆಯನ್ನೇ ತಿಂದುಹಾಕುತ್ತದೆ. ಇದು ನನಗೆ ಆಗ ಗೊತ್ತಿರಲಿಲ್ಲ. ಡಾಕ್ಟರಿಗೆ ಈಗಲೂ ಗೊತ್ತಿಲ್ಲ.

ಕೆಳಗೆ ಪಾರ್ಕಿಂಗಿನಲ್ಲಿ ನಾನು ಮೊದಲ ಸ್ಕ್ರೂಗೆ ಕೈ ಹಾಕಿದ್ದೆ, ಡಾಕ್ಟರು ಇಸ್ತ್ರಿ ಮಾಡಿದ ಷರ್ಟಿನಲ್ಲಿ ಇಳಿದು ಬಂದರು. "ಹೆದರ್ಕೊಂಡು ತಿರುಗಿಸ್ತಿದ್ದೀರಿ ಕಣ್ರೀ. ಸ್ಕ್ರೂಗೆ ಗೊತ್ತಾಗತ್ತೆ. ಕೊಡಿ ಇಲ್ಲಿ."

ಕರ್ರ್ ಎಂದಿತು. ಪ್ಲಸ್ ಇದ್ದಲ್ಲಿ ನುಣ್ಣನೆಯ ಕುಳಿ. ಒಂದಕ್ಕೆ ನಿಲ್ಲಿಸಬಹುದಿತ್ತು. ನಾಲ್ಕನ್ನು ಕೆಡಿಸಿ ಎದ್ದು, ನನ್ನ ಕರ್ಚೀಫಿನಲ್ಲಿ ಕೈ ಒರೆಸಿಕೊಂಡರು.

"ಲೋಹ ಮೃದು. ನಾನು ಮೊದಲೇ ಹೇಳಿದ್ದೆ."

ಯಾರಿಗೆ ಹೇಳಿದ್ದರೋ. ಆರು ವರ್ಷ ಲೋಹವನ್ನು ಓದಿದವರು ಅದನ್ನು ಕೈಯಿಂದ ಮುಟ್ಟಿದ್ದು ಅವತ್ತೇ ಮೊದಲಂತೆ. ಮನೆಯಲ್ಲಿ ಬಲ್ಬು ಬದಲಿಸುವವಳೂ ನಾನೇ ಎಂದು ಅವರ ಹೆಂಡತಿ ನನ್ನ ಹೆಂಡತಿಗೆ ಹೇಳಿದರಂತೆ.

೨. ಆಯುಧ ಯಾರದಾದರೇನು

ಇದನ್ನೆಲ್ಲ ಪಕ್ಕದ ಮನೆಯ ಅಮೆರಿಕನ್ ಮುದುಕ ನೋಡುತ್ತಿದ್ದ. ವಿಮಾನ ರಿಪೇರಿ ಮಾಡಿ ನಿವೃತ್ತನಾದವನು. ಶನಿವಾರ ಬೆಳಿಗ್ಗೆ ಒಂದು ದಪ್ಪ ಕಬ್ಬಿಣದ ಹಿಡಿಯನ್ನು ತಂದುಕೊಟ್ಟ. ಅದರ ತುದಿಯನ್ನು ಸ್ಕ್ರೂ ಮೇಲಿಟ್ಟು ಹಿಂದಿನಿಂದ ಸುತ್ತಿಗೆಯಲ್ಲಿ ಹೊಡೆಯಬೇಕು. ಹೊಡೆತವೇ ಒಳಗೆ ಒತ್ತುತ್ತಲೂ ತಿರುಗಿಸುತ್ತಲೂ ಹೋಗುತ್ತದೆ. ಸಂಜೆಗೆ ವಾಪಸು ಬೇಕು, ನಾಳೆ ಬೆಳಿಗ್ಗೆಯೇ ಮಗಳ ಊರಿಗೆ ಹೊರಟರೆ ಬರುವುದು ಒಂದು ತಿಂಗಳಿಗೆ, ಎಂದ. ನನ್ನ ಲೆಕ್ಕಕ್ಕೆ, ಇವತ್ತು ಬಿಟ್ಟರೆ ಇನ್ನೊಂದು ತಿಂಗಳು ಡಾಕ್ಟರ ಪಕ್ಕದ ಸೀಟು.

ಕಾಫಿ ಕುಡಿದು ಬರುವಷ್ಟರಲ್ಲಿ ಆ ಹಿಡಿ ಮಾಯ. ಒಳಗೆ ಹೋಗಿ ನೋಡಿದರೆ ದೇವರ ಮುಂದೆ, ಈಳಿಗೆ ಮಣೆ, ಹೊಲಿಗೆ ಯಂತ್ರ, ಕಾರಿನ ಕೀಲಿಗಳ ಜೊತೆ, ಅರಿಶಿನ ಕುಂಕುಮ ಹಚ್ಚಿಸಿಕೊಂಡು, ತಲೆಯ ಮೇಲೊಂದು ಸೇವಂತಿಗೆ ಹೊತ್ತು ಕೂತಿದೆ. ಅವತ್ತು ಆಯುಧಪೂಜೆ. ಪೂಜಿಸಿದವರು ಧಾರವಾಡದಿಂದ ಬಂದಿದ್ದ ನಮ್ಮ ಮಾವ.

"ಮಾವ, ಅದು ನನಗೆ ಈಗಲೇ ಬೇಕು."

"ಏನ್ರೀ ಅಳಿಯಂದ್ರ, ಪೂಜಿಗಿಟ್ಟ ಆಯುಧ ಎತ್ತತೀರೇನು? ನಾಳೆ ದಶಮಿ. ನಾಳೆ ಎತ್ತರಿ."

"ಅದು ನಮ್ಮದಲ್ಲ ಮಾವ, ಪಕ್ಕದ ಮನೆಯವರದ್ದು."

"ಆಯುಧಕ್ಕ ನಿಮ್ದು ನಮ್ದು ಅಂತ ಇರ್ತದೇನ್ರೀ?"

ಸಂಜೆ ಮುದುಕ ಬಂದ. ಮಾವ ಅವನನ್ನು ಕೂರಿಸಿ, ಹಣೆಗೆ ಕುಂಕುಮವಿಟ್ಟು, ತಟ್ಟೆಯಲ್ಲಿ ಎರಡು ಹೋಳಿಗೆ ಕೊಟ್ಟರು. ನಾನು ಆಯುಧಪೂಜೆಯನ್ನು ಅರ್ಧ ಗಂಟೆ ವಿವರಿಸಿದೆ. ಅವನು ಹೂ ಹೊತ್ತ ತನ್ನ ಹಿಡಿಯನ್ನೇ ನೋಡುತ್ತಿದ್ದವನು, ಇಷ್ಟು ವರ್ಷ ದುಡಿದರೂ ಇದಕ್ಕೆ ಯಾರೂ ಹೂ ಇಟ್ಟಿರಲಿಲ್ಲ, ನಾಳೆ ಮಧ್ಯಾಹ್ನ ಹೊರಡುತ್ತೇನೆ, ಇನ್ನೊಂದು ಹೋಳಿಗೆ ಇದೆಯಾ, ಎಂದ.

ಭಾನುವಾರ ಅವನೇ ಪಕ್ಕದಲ್ಲಿ ನಿಂತ. ಹತ್ತೂ ಸ್ಕ್ರೂ ಇಪ್ಪತ್ತು ನಿಮಿಷದಲ್ಲಿ ಹೊರಗೆ ಬಂದವು. ಕೊನೆಯದು ಬರುವ ಹೊತ್ತಿಗೆ ಡಾಕ್ಟರು ಇಳಿದು ಬಂದರು.

"ನೋಡಿದ್ರಾ? ಅವತ್ತೇ ನಾನು ಸಡಿಲ ಮಾಡಿಟ್ಟಿದ್ದೆ."

೩. ಅವ್ಯವಸ್ಥೆ

ತಲೆ ತಿಂದ ಸ್ಕ್ರೂಗಳನ್ನು ಮತ್ತೆ ಹಾಕುವಂತಿಲ್ಲ. ಆರು ಮೂಲೆಯ ಕುಳಿಯಿರುವ ಅಲೆನ್ ಸ್ಕ್ರೂಗಳನ್ನು ಕೊಂಡುತಂದೆ, ಅವು ಕೆಡುವುದು ಕಷ್ಟ. ಆದರೆ ಹತ್ತೂ ಒಂದೇ ಉದ್ದದವಲ್ಲ. ಅದಕ್ಕೇ ಒಂದು ರಟ್ಟಿನ ಮೇಲೆ ಮುಚ್ಚಳದ ಚಿತ್ರ ಬರೆದು, ಯಾವ ತೂತಿನದು ಯಾವುದೋ ಅಲ್ಲಲ್ಲೇ ಚುಚ್ಚಿಟ್ಟಿದ್ದೆ. ಅದರ ಮುಂದಿನ ಭಾನುವಾರ, ಅಂದರೆ ನಿನ್ನೆ, ಹೊಸ ಕ್ಲಚ್ಚು ಪ್ಲೇಟು ಕೂರಿಸಿ ಕೈ ತೊಳೆದು ಬಂದರೆ ರಟ್ಟು ಖಾಲಿ.

"ಎಂಥ ಅವ್ಯವಸ್ಥೆ ಕಣ್ರೀ!" ಎಂದರು ಡಾಕ್ಟರು. "ಉದ್ದದ ಪ್ರಕಾರ ಸಾಲಾಗಿ ಜೋಡಿಸಿದ್ದೀನಿ."

ಆದರೂ ಉಪಾಯವಿತ್ತು. ಬಿಗಿ ಮಾಡದೆ ತೂತಿಗೆ ಇಳಿಬಿಟ್ಟು ನೋಡಬೇಕು. ಎಲ್ಲದರ ತಲೆಯೂ ಒಂದೇ ಎತ್ತರಕ್ಕೆ ನಿಂತರೆ ಸರಿ. ಹಾಗೆ ನೋಡಿ ಎಂಟನ್ನು ಬಿಗಿಮಾಡಿ, ನೀರು ಕುಡಿಯಲು ಒಳಗೆ ಹೋದೆ. ಅದು ನನ್ನದೇ ತಪ್ಪು, ಒಪ್ಪುತ್ತೇನೆ. ನಾನಿಲ್ಲದಾಗ ಡಾಕ್ಟರು ಗಿಡ್ಡ ಸ್ಕ್ರೂವಿನ ತೂತಿಗೆ ಉದ್ದದ್ದನ್ನು ಹಾಕಿ, ತಳ ಮುಟ್ಟಿದ ಮೇಲೂ ಎರಡೂ ಕೈಯಲ್ಲಿ ತಿರುಗಿಸಿದರು. ಟಕ್ ಎಂದದ್ದು ನನಗೆ ಅಡುಗೆಮನೆಗೆ ಕೇಳಿಸಿತು. ಅರ್ಧ ಸ್ಕ್ರೂ ಅವರ ಕೈಯಲ್ಲಿ, ಅರ್ಧ ಎಂಜಿನ್ನಿನೊಳಗೆ.

ಮುರಿದ ತುಂಡನ್ನು ಬೆಳಕಿಗೆ ಹಿಡಿದು ನೋಡಿದರು.

"ಈ ಲೋಹ ತೀರಾ ಗಡಸು. ನಾನು ಮೊದಲೇ ಹೇಳಿದ್ದೆ."

ಇದನ್ನು ಸೋಮವಾರ ಬೆಳಿಗ್ಗೆ ಬರೆಯುತ್ತಿದ್ದೇನೆ. ಆ ಒಂದು ಸ್ಕ್ರೂ ಇಲ್ಲದೆ ಎಣ್ಣೆ ಸೋರುತ್ತದೆ, ಗಾಡಿ ಓಡಿಸುವಂತಿಲ್ಲ. ಮುದುಕ ಮಗಳ ಊರಿನಲ್ಲಿದ್ದಾನೆ, ಅವನ ಉಪಕರಣಗಳ ಪೆಟ್ಟಿಗೆಯೂ ಅಲ್ಲೇ. ಹಾಗಂತ ಕಷ್ಟವೇನಲ್ಲ. ಒಳಗೆ ಉಳಿದ ತುಂಡನ್ನು ತೆಗೆಯುವ ಕ್ರಮ ಹೀಗೆ: ಅದರ ನಟ್ಟನಡುವೆ ಸಣ್ಣದೊಂದು ತೂತು ಕೊರೆಯಬೇಕು, ಆಮೇಲೆ ಎಡಗಡೆಗೆ ತಿರುಗುವ ಒಂದು

ಮಾವ ಕೂಗುತ್ತಿದ್ದಾರೆ. "ಅಳಿಯಂದ್ರ, ಲಗೂ ಬರ್ರಿ! ಡಾಕ್ಟರ ಕಾರು ಬಂದು ನಿಂತದ, ಮೂರನೇ ಸಲ ಹಾರ್ನ್ ಹೊಡೀಲಿಕ್ಕತ್ತಾರ!"