ಕಾದಂಬರಿಯ ಅಪ್ಪನೂ ನಮ್ಮ ಚಿಕ್ಕಪ್ಪನೂ

ಎಲ್ಲರೂ ಕಾದಂಬರಿ ಓದುತ್ತಾರೆ. ಗುಬ್ಬಿಯ ನಮ್ಮ ಚಿಕ್ಕಪ್ಪ ಮಾತ್ರ ಕಾದಂಬರಿ ಓದಿದವರನ್ನು ಓದುತ್ತಿದ್ದರು! ತೊಂಬತ್ತರ ದಶಕದಲ್ಲಿ, ಹೆಂಡತಿ ಸತ್ತ ಮೇಲೆ ಒಬ್ಬನೇ ಮಗಳನ್ನು ಸಾಕುವ ಅಪ್ಪನ ಕಾದಂಬರಿಯೊಂದು ಮನೆಮನೆಯಲ್ಲೂ ಓಡಾಡುತ್ತಿತ್ತು. ಚಿಕ್ಕಮ್ಮ ತೀರಿಕೊಂಡ ಮೇಲೆ ಚಿಕ್ಕಪ್ಪನದೂ ಅದೇ ಕಥೆ.

ತುಮಕೂರಿನ ಸರ್ಕ್ಯುಲೇಟಿಂಗ್ ಲೈಬ್ರರಿಯ ಬಾಗಿಲಲ್ಲಿ ನಿಂತು, ಆ ಪುಸ್ತಕ ವಾಪಸ್ ಕೊಡಲು ಬಂದವರನ್ನು ಹಿಡಿಯುವುದು ಅವರ ಶನಿವಾರದ ಕೆಲಸ. ಅಲ್ಲೇ ಕಾಲೇಜು ಓದುತ್ತಿದ್ದ ನಾನು ಜೊತೆಗೆ ನಿಲ್ಲದೆ ತಪ್ಪಿಸಿಕೊಳ್ಳುವ ಹಾಗೇ ಇರಲಿಲ್ಲ. ಒಮ್ಮೆ ಒಬ್ಬ ಮೇಡಂ, "ಮಗೂಗೆ ಜ್ವರ ಬಂದಾಗ ರಾತ್ರಿಯೆಲ್ಲ ಎದ್ದಿರ್ತಾನಲ್ಲ, ಅಲ್ಲಿ ಅತ್ತುಬಿಟ್ಟೆ" ಎಂದರು.

"ಎದ್ದಿದ್ದ, ಸರಿ ಮೇಡಂ. ಬೆಳಿಗ್ಗೆ ಗಂಜಿ ತಳ ಹಿಡೀದಂಗೆ ಹೆಂಗ್ ಮಾಡ್ದ? ಅದ್ನೇ ಬರ್ದಿಲ್ವಲ್ಲ" ಅಂದರು ಚಿಕ್ಕಪ್ಪ.

ವಾಪಸ್ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತರೆ ಮುಗಿಯಿತು. ತೆಂಗಿನ ಸಾಲುಗಳು ಹಿಂದೆ ಸರಿಯುತ್ತಿದ್ದಂತೆ ಅರೆಗಣ್ಣು ಮುಚ್ಚಿ ಆ ಅಪ್ಪನ ಜೊತೆ ಮಾತಿಗಿಳಿಯುತ್ತಿದ್ದರು. ಗುಬ್ಬಿ ದಾಟಿ ಚೇಳೂರಿನಲ್ಲಿ ಇಳಿದದ್ದೂ ಉಂಟು. ಕಂಡಕ್ಟರ್ ಗದರಿದರೆ, "ಅವನಿಗೊಂದು ವಿಷ್ಯ ಹೇಳೋದಿತ್ತು ಕಣಪ್ಪ" ಅಂದರಂತೆ.

ಬೇಸಿಗೆಯಲ್ಲಿ ಮಗಳಿಗೆ ಮೊಗ್ಗಿನ ಜಡೆಯ ಫೋಟೋ ತೆಗೆಸಬೇಕೆಂದು, ಮಲ್ಲಿಗೆ ಮೊಗ್ಗನ್ನು ತಾವೇ ಜಡೆಗೆ ಹೊಲಿಯಲು ಕೂತರು. ಕಾದಂಬರಿಯ ಅಪ್ಪ ಒಂದೇ ಸಾಲಿನಲ್ಲಿ ಮುಗಿಸಿದ್ದ ಕೆಲಸ! ಇವರಿಗೆ ಸಂಜೆಯಾಯಿತು. ಸ್ಟುಡಿಯೋದಲ್ಲಿ ಕನ್ನಡಿಗೆ ಬೆನ್ನು ಕೊಟ್ಟು ಕೂರಿಸುವಷ್ಟರಲ್ಲಿ ಮೊಗ್ಗೆಲ್ಲ ಅರಳಿ ಹೂವು. ಆ ಪರಿಮಳಕ್ಕೆ ಫೋಟೋದವನೂ ಕ್ಯಾಮೆರಾ ಮರೆತು ಸುಮ್ಮನೆ ನಿಂತಿದ್ದ.

ಇಷ್ಟೆಲ್ಲ ಯಾಕೆ ಅಂತೀರಾ? ಕಾದಂಬರಿಯ ಕೊನೆಯಲ್ಲಿ ಅಪ್ಪ ಮಗಳನ್ನು ಅವಳ ಸೋದರತ್ತೆಯ ಮನೆಗೆ ಬೆಳೆಯಲು ಕಳಿಸಿಬಿಡುತ್ತಾನೆ. ಓದಿದವರೆಲ್ಲ "ಸರಿಯಾಗೇ ಮಾಡ್ದ" ಅನ್ನುವವರೇ. ಒಬ್ಬರಾದರೂ ತಪ್ಪು ಅನ್ನಲಿ ಎಂದು ಚಿಕ್ಕಪ್ಪ ಕಾಯುತ್ತಿದ್ದರು. ಯಾಕೆಂದರೆ ಅವರ ಅಕ್ಕ, ನಮ್ಮ ಕುಣಿಗಲ್ಲಿನ ಅತ್ತೆ, ಬಂದಾಗಲೆಲ್ಲ ಅದೇ ಮಾತಾಡುತ್ತಿದ್ದರು: "ಹೆಣ್ಣುಮಗು ಕಣೋ. ನಿನ್ ಕೈಲಿ ಆಗಲ್ಲ, ನನ್ ಜೊತೆ ಕಳ್ಸು."

ರಜೆ ಮುಗಿದು ಮಗಳ ಏಳನೇ ಕ್ಲಾಸು ಶುರುವಾಗುವ ಮುಂಚೆ ಅತ್ತೆ ಚೀಲ ಹಿಡಿದು ಬಂದೇಬಿಟ್ಟರು. ಚಿಕ್ಕಪ್ಪ ಮಗಳ ಬಟ್ಟೆ ಮಡಿಸಿ ಚೀಲಕ್ಕೆ ತುಂಬತೊಡಗಿದರು. ಅವಳು ಮೂಲೆಯಲ್ಲಿ ಅದೇ ಕಾದಂಬರಿಯ ಕೊನೆಯ ಪುಟದಲ್ಲಿದ್ದಳು. ಅವಳು ಪುಸ್ತಕ ಮುಚ್ಚುತ್ತಲೇ ಚಿಕ್ಕಪ್ಪ ಅಭ್ಯಾಸಬಲದಿಂದ ಕೇಳಿದರು: "ಹೆಂಗಿತ್ತವ್ವ?"

"ಚೆನ್ನಾಗೈತೆ. ಆದ್ರೆ ಆ ಹುಡುಗೀನ ಯಾರೂ ಕೇಳ್ಲೇ ಇಲ್ವಲ್ಲಪ್ಪ."

ಮಡಿಸುತ್ತಿದ್ದ ಲಂಗ ಕೈಯಲ್ಲೇ ಉಳಿಯಿತು. ಊರನ್ನೆಲ್ಲ ಕೇಳಿದ ನಮ್ಮ ಚಿಕ್ಕಪ್ಪ ಮನೆಯಲ್ಲಿ ಕೇಳಿರಲಿಲ್ಲ! ಅವಳೆದುರು ಕೂತು, "ಈಗ ಕೇಳ್ತಾ ಇವ್ನಿ ಕಣವ್ವ. ಹೋಗ್ತೀಯಾ?" ಎಂದರು.

"ನಮ್ಮನೆ ಇರೋವಾಗ ನಾನ್ಯಾಕ್ ಹೋಗ್ಲಿ?"

ಚಿಕ್ಕಪ್ಪ ಅತ್ತುಬಿಟ್ಟರು. ಚೀಲದಲ್ಲಿದ್ದ ಬಟ್ಟೆಯನ್ನು ಒಂದೊಂದಾಗಿ ತೆಗೆದು ಬೀರುವಿಗೆ ಜೋಡಿಸಿಟ್ಟವರು ಅತ್ತೆಯೇ.