ಎಂಟು ಜೇಬಿನ ಪ್ಯಾಂಟು

ಮನೆಯಲ್ಲಿ ದೊಡ್ಡವರಿಗೆ ಕಾಯಿಲೆ ಬಂದರೆ ಡಾಕ್ಟರ ಹತ್ತಿರ ಹೋಗುತ್ತೇವೆ. ಮೊಮ್ಮಕ್ಕಳಿಗೆ ಬಂದರೆ ಊರಿನವರ ಹತ್ತಿರ ಹೋಗುತ್ತೇವೆ. ಇದು ಯಾಕೆ ಹೀಗೆ ಎಂದು ನಾನು ಬಹಳ ಯೋಚನೆ ಮಾಡಿದ್ದೇನೆ. ಡಾಕ್ಟರು ಒಂದೇ ಮಾತು ಹೇಳುತ್ತಾರೆ, ಅದು ಕೆಟ್ಟದ್ದಾಗಿದ್ದರೆ ಅಲ್ಲಿಗೆ ಮುಗಿಯಿತು. ಊರಿನವರು ಹತ್ತು ಮಾತು ಹೇಳುತ್ತಾರೆ, ಅದರಲ್ಲಿ ನಮಗೆ ಬೇಕಾದದ್ದನ್ನು ಆರಿಸಿಕೊಳ್ಳಬಹುದು. ಹಾಗೆ ಆರಿಸಿಕೊಳ್ಳಲು ಹೋಗಿ ಈ ಬೇಸಿಗೆಯಲ್ಲಿ ನಾನು ಮಾಡಿಕೊಂಡ ಫಜೀತಿಯನ್ನು ಯಾರಿಗಾದರೂ ಹೇಳಿಬಿಡಬೇಕು. ಫಜೀತಿ ಎಂದರೆ ಹಗುರವಾಯಿತು, ನಾಚಿಕೆಗೇಡು ಎನ್ನುವುದೇ ಸರಿ. ಈಗ ಗಡ್ಡ ಮಾಡಿಕೊಳ್ಳುವಾಗ ಕನ್ನಡಿಯಲ್ಲಿ ನನ್ನ ಮುಖವನ್ನು ಪೂರ್ತಿ ನೋಡಲು ಆಗುವುದಿಲ್ಲ. ಕೆನ್ನೆಯನ್ನಷ್ಟೇ ನೋಡಿಕೊಂಡು ಮುಗಿಸುತ್ತೇನೆ.

ನಾನು ಬಳ್ಳಾರಿಯ ಒಂದು ಜೀನ್ಸ್ ಹೊಲಿಯುವ ಶೆಡ್ಡಿನಲ್ಲಿ ಮೂವತ್ತೊಂದು ವರ್ಷ ಕಟಿಂಗ್ ಮಾಸ್ಟರ್ ಆಗಿದ್ದವನು. ನಿವೃತ್ತನಾಗಿ ನಾಲ್ಕು ವರ್ಷವಾದರೂ ಕಣ್ಣಿಗೆ ಇನ್ನೂ ನಿವೃತ್ತಿ ಸಿಕ್ಕಿಲ್ಲ. ದಾರಿಯಲ್ಲಿ ಯಾರಾದರೂ ಎದುರಾದರೆ ಮೊದಲು ಮುಖ ನೋಡುವುದಿಲ್ಲ, ಸೊಂಟದಿಂದ ಕೆಳಗೆ ನೋಡುತ್ತೇನೆ. ಇದರಿಂದ ಕೆಲವು ಸಲ ಅಪಾರ್ಥವಾಗಿದ್ದೂ ಇದೆ. ಹೊಲಿಗೆ ಎಲ್ಲಿ ಓಡಿದೆ, ಜೇಬು ಎಷ್ಟು ಓರೆಯಾಗಿದೆ ಎಂದು ಹತ್ತು ಮಾರು ದೂರದಿಂದ ಹೇಳಬಲ್ಲೆ ಎಂಬ ಜಂಬ ನನಗೆ. ನನ್ನ ಹೆಂಡತಿ ಶಾಂತಾ ಈ ಜಂಬದ ಜೊತೆಗೇ ಸಂಸಾರ ಮಾಡಿದ್ದಾಳೆ, ಅವಳ ತಾಳ್ಮೆ ದೊಡ್ಡದು.

ನಮ್ಮ ಮಗಳು ಮಂಜುಳಾಳನ್ನು ಸಿರುಗುಪ್ಪಕ್ಕೆ ಕೊಟ್ಟಿದ್ದೇವೆ. ಅಲ್ಲಿಯ ಸರ್ಕಾರಿ ಶಾಲೆಯಲ್ಲಿ ಟೀಚರು. ರಜೆಯಲ್ಲೂ ಅವಳನ್ನು ಗಣತಿ ಕೆಲಸಕ್ಕೆ ಹಾಕಿದ್ದರಿಂದ ಏಳು ವರ್ಷದ ಮೊಮ್ಮಗಳು ಶ್ರಾವಣಿಯನ್ನು ಬೇಸಿಗೆಗೆ ನಮ್ಮಲ್ಲಿ ಬಿಟ್ಟಿದ್ದಳು. ಶ್ರಾವಣಿಗೆ ಸಿಕ್ಕಿದ್ದನ್ನೆಲ್ಲ ಕೂಡಿಡುವ ಚಟ. ಹುಣಸೆ ಬೀಜ, ಬಾಟಲಿ ಮುಚ್ಚಳ, ಬಸ್ಸಿನ ಟಿಕೆಟ್ಟು, ಏನಾದರೂ ಸರಿ. ಸಂಗನಕಲ್ಲಿನ ಗುಡ್ಡ ತೋರಿಸಲು ಕರೆದುಕೊಂಡು ಹೋದಾಗ ಅಲ್ಲಿಯ ಕಲ್ಲುಗಳನ್ನೆಲ್ಲ ನನ್ನ ಜೇಬಿಗೆ ತುಂಬಿದಳು. ಪ್ಯಾಂಟು ಜಾರತೊಡಗಿ ನಾನು ಗದರಿದಾಗ, "ನಾ ಏನ್ ಮಾಡ್ಲಿ ತಾತ, ನನ್ನ ಫ್ರಾಕಿಗೆ ಜೇಬ ಇಲ್ಲ" ಎಂದಳು. ಆ ಮಾತು ನನಗೆ ನೇರವಾಗಿ ಎದೆಗೆ ತಗುಲಿತು. ಲಕ್ಷಗಟ್ಟಲೆ ಜೇಬು ಕತ್ತರಿಸಿದವನ ಮೊಮ್ಮಗಳಿಗೆ ಒಂದು ಜೇಬಿಲ್ಲ.

ಮರುದಿನವೇ ಹಳೆಯ ಶೆಡ್ಡಿಗೆ ಹೋಗಿ ದಪ್ಪನೆಯ ಕಡುನೀಲಿ ಬಟ್ಟೆಯ ತುಂಡೊಂದನ್ನು ತಂದು ಶಾಂತಾಳ ಮಿಷಿನ್ನಿನ ಮೇಲೆ ಕೂತೆ. ಮಗಳಿಗೂ ಹೇಳಲಿಲ್ಲ, ಊರಿಗೆ ಹೋದಾಗ ನೋಡಿ ಬೆರಗಾಗಲಿ ಎಂದು. ಎಂಟು ಜೇಬು ಇಟ್ಟೆ. ಸಾಮಾನ್ಯವಾಗಿ ಜೇಬಿನ ಒಳಗಡೆಗೆ ತೆಳ್ಳನೆಯ ಬಿಳಿ ಬಟ್ಟೆ ಹಾಕುತ್ತಾರೆ. ಕಲ್ಲು ತುಂಬುವ ಹುಡುಗಿಗೆ ಅದು ಎಷ್ಟು ದಿನ ಬಾಳೀತು ಎಂದು ಒಳಗಡೆಗೂ ಅದೇ ನೀಲಿ ಬಟ್ಟೆಯನ್ನೇ ಹಾಕಿದೆ. ಜೀನ್ಸ್ ಹೊಲಿದ ಮೇಲೆ ಅದು ವಾಶಿಂಗ್ ಯೂನಿಟ್ಟಿಗೆ ಹೋಗಿ, ಹೆಚ್ಚಿನ ಬಣ್ಣವೆಲ್ಲ ಇಳಿದು, ಮೆತ್ತಗಾಗಿ ಬರಬೇಕು. ಆದರೆ ಕಟಿಂಗಿನವರಿಗೂ ವಾಶಿಂಗಿನವರಿಗೂ ಮೊದಲಿಂದಲೂ ಅಷ್ಟಕ್ಕಷ್ಟೆ. ನಾವು ಅಳತೆ ಹಿಡಿದು ಕೊಟ್ಟದ್ದನ್ನು ಅವರು ಕಲ್ಲು ಹಾಕಿ ತಿರುವಿ ಕೆಡಿಸುತ್ತಾರೆ ಎಂದು ನನ್ನ ಅಭಿಪ್ರಾಯ. ನೀರು ಮುಟ್ಟಿಸದೆ ಹಾಗೆಯೇ ತೊಡಿಸಿದೆ. ತೊಳೆಯಲು ಎತ್ತಿಕೊಂಡ ಶಾಂತಾಳಿಗೆ, "ಜೀನ್ಸ್ ತೊಳೀಬಾರದು, ಅದರ ಗತ್ತು ಹೋಗ್ತೈತಿ" ಎಂದು ಪಾಠವನ್ನೂ ಹೇಳಿದೆ. ಬುದ್ಧಿವಂತ ಓದುಗರಿಗೆ ಮುಂದಿನದು ಈಗಾಗಲೇ ಹೊಳೆದಿರಬಹುದು. ನನಗೆ ಹೊಳೆಯಲಿಲ್ಲ.

ಶ್ರಾವಣಿ ಆ ಪ್ಯಾಂಟನ್ನು ಬಿಚ್ಚಲು ಒಪ್ಪಲಿಲ್ಲ. ಬಳ್ಳಾರಿಯ ಏಪ್ರಿಲ್ ಬಿಸಿಲಿನಲ್ಲಿ, ಬೆವರು ಸುರಿಯುತ್ತಿದ್ದರೂ, ಎರಡೂ ಕೈ ಜೇಬಿನಲ್ಲಿಟ್ಟುಕೊಂಡು ಕಂಟೋನ್ಮೆಂಟಿನ ನಮ್ಮ ಬೀದಿಯಲ್ಲಿ ಅಮಲ್ದಾರರ ಹಾಗೆ ತಿರುಗಿದಳು. ನಾಲ್ಕನೆಯ ದಿನ ಸಂಜೆ ಮೊಸರನ್ನ ಕಲಸಿಕೊಡುತ್ತಿದ್ದ ಶಾಂತಾ ನನ್ನನ್ನು ಮೆಲ್ಲಗೆ ಕರೆದಳು. "ಇಲ್ಲಿ ಬರ್ರಿ. ಕೂಸಿನ ತುಟಿ ನೋಡ್ರಿ, ನೀಲಿ ಆಗ್ಯಾವ. ಕೈನೂ ನೋಡ್ರಿ." ನೋಡಿದೆ. ಬೆರಳು, ಅಂಗೈ, ತುಟಿಯ ಸುತ್ತ, ಎಲ್ಲ ತೆಳುನೀಲಿ. ಬೆಳಿಗ್ಗೆ ಸ್ನಾನವಾದ ಮೇಲೆ ಕಡಿಮೆ, ಸಂಜೆಯ ಹೊತ್ತಿಗೆ ಮತ್ತೆ ಹೆಚ್ಚು. ಎರಡು ದಿನ ಹೀಗೇ ನೋಡಿ ನಮ್ಮಿಬ್ಬರ ಊಟ ನಿಂತಿತು.

ಡಾಕ್ಟರ ಹತ್ತಿರ ಹೋಗಲು ಭಯ. ಆದ್ದರಿಂದ ಬೆಳಗಿನ ವಾಕಿಂಗಿನ ಗೆಳೆಯ ಶೇಷಗಿರಿರಾಯರನ್ನು ಕೇಳಿದೆ. ಅವರು ನಿವೃತ್ತ ಗುಮಾಸ್ತರು, ಫೋನಿನಲ್ಲಿ ಆರೋಗ್ಯದ ವಿಡಿಯೋ ಬಿಟ್ಟು ಬೇರೆ ನೋಡದವರು. "ರಕ್ತ ಸರಿ ಓಡದಿದ್ರ ಹಂಗಾಗ್ತೈತಿ ಮಾಸ್ಟರ್. ದಿನಾ ಆಡಿ ದಣೀತಾಳ, ಸಂಜಿಗೆ ಜಾಸ್ತಿ ಆಗ್ತೈತಿ. ಹಾರ್ಟಿನ ತೊಂದ್ರಿ. ನಿಮ್ಮ ಕಡಿ ಯಾರಿಗರ ಐತೇನು?" ಎಂದರು. "ನಮ್ಮ ಕಡಿ ಯಾರಿಗೂ ಇಲ್ಲ" ಎಂದೆ. ಹಾಗೆ ಹೇಳುತ್ತಿರುವಾಗಲೇ ಸಿರುಗುಪ್ಪದ ಬೀಗರು ಪಂಪನಗೌಡರ ನೆನಪು ಬಂತು. ಎರಡು ವರ್ಷದ ಹಿಂದೆ ಅವರ ಹೃದಯಕ್ಕೆ ಸ್ಟೆಂಟ್ ಹಾಕಿದ್ದರು. ಈಗ ಒಪ್ಪಿಕೊಳ್ಳುತ್ತೇನೆ, ಆ ನೆನಪು ಬಂದಾಗ ನನಗೆ ಒಂದು ಚೂರು ಸಮಾಧಾನವಾಯಿತು. ಮೊಮ್ಮಗಳಿಗೆ ಕಾಯಿಲೆ ಎನ್ನುವ ದುಃಖದ ಪಕ್ಕದಲ್ಲೇ, ಅದು ನಮ್ಮ ಕಡೆಯದ್ದಲ್ಲ ಎನ್ನುವ ಸಮಾಧಾನ. ಮನುಷ್ಯ ಎಷ್ಟು ಸಣ್ಣವನಾಗಬಲ್ಲ ಎಂದು ನೋಡಬೇಕಾದರೆ ನನ್ನನ್ನು ಅವತ್ತು ನೋಡಬೇಕಿತ್ತು.

ಆದರೂ ಶಾಂತಾಳ ಮನಸ್ಸು ಕೇಳದೆ ಕುರುಗೋಡಿನಲ್ಲಿರುವ ಅವಳ ಅಕ್ಕ ಗಂಗಮ್ಮನ ಮನೆಗೆ ಹೋದೆವು. ಓಣಿಯ ಮಕ್ಕಳಿಗೆಲ್ಲ ಎರೆದು ಬೆಳೆಸಿದ ಹೆಂಗಸು. ಕೂಸನ್ನು ನೋಡಿದವರೇ ಪ್ಯಾಂಟು ಬಿಚ್ಚಿಸಿ, ಹರಳೆಣ್ಣೆ ತಿಕ್ಕಿ, ಸೀಗೆಪುಡಿ ಹಾಕಿ ಎರೆದು, ಹಳೆಯ ಲಂಗ ಉಡಿಸಿದರು. ನೀಲಿ ಹೋಯಿತು. ಎರಡು ದಿನ ಇದ್ದೆವು, ನೀಲಿಯ ಸುಳಿವಿಲ್ಲ. ಗಂಗಮ್ಮ ವಾಯು ಇಳಿಯಿತು ಎಂದರು, ಶಾಂತಾ ಬಸವೇಶ್ವರನ ಗುಡಿಯಲ್ಲಿ ಮಾಡಿಸಿದ ಪೂಜೆ ಫಲಿಸಿತು ಎಂದಳು, ನಾನು ಕುರುಗೋಡಿನ ಗಾಳಿ ಚೆನ್ನಾಗಿದೆ ಎಂದೆ. ಮೂರೂ ಕಾರಣಗಳು ಗೋಡೆಯ ಮೊಳೆಗೆ ನೇತಾಡುತ್ತಿದ್ದ ಪ್ಯಾಂಟಿನ ಎದುರಿಗೇ ಹುಟ್ಟಿದ್ದು. ಹೊರಡುವಾಗ ಗಂಗಮ್ಮ, "ಈ ಬಿಸಿಲಾಗ ಆ ದಪ್ಪ ಚಣ್ಣ ಯಾಕ ಹಾಕ್ತೀರಿ, ಲಂಗದಾಗ ಕಳಿಸ್ರಿ" ಎಂದರು. ನನ್ನ ಜೀನ್ಸನ್ನು ಚಡ್ಡಿಯ ಲೆಕ್ಕಕ್ಕೆ ಸೇರಿಸಿ ಚಣ್ಣ ಎಂದದ್ದಕ್ಕೆ ನನಗೆ ಸಿಟ್ಟು ಬಂತು. "ಚಣ್ಣ ಅಲ್ರಿ ಅಕ್ಕಾರ, ಇದು ಫಸ್ಟ್ ಕ್ವಾಲಿಟಿ ಬಟ್ಟಿ" ಎಂದು ಹೇಳಿ ನಾನೇ ಕೈಯಾರೆ ತೊಡಿಸಿದೆ. ತುಂಬಿದ ಬಸ್ಸಿನಲ್ಲಿ ಬಳ್ಳಾರಿ ಮುಟ್ಟುವುದರೊಳಗೆ ಮಗುವಿನ ಕೈ ಮತ್ತೆ ನೀಲಿ. ಶಾಂತಾ ಸೆರಗು ಬಾಯಿಗೆ ಒತ್ತಿಕೊಂಡು ಅಳಲು ಶುರು ಮಾಡಿದಳು. ಬಸ್ಸಿನ ಕುಲುಕಾಟಕ್ಕೇ ದಣಿಯುವ ಹೃದಯ ಎಂದು ನನಗೂ ಖಾತ್ರಿಯಾಯಿತು.

ಮನೆಗೆ ಬಂದು ಬೀಗರಿಗೆ ಫೋನ್ ಹಚ್ಚಿದೆ. ಭಯವಾದಾಗ ನನಗೆ ಅಳು ಬರುವುದಿಲ್ಲ, ಬಾಯಿ ಬರುತ್ತದೆ. "ಕೂಸು ನೀಲಿ ಆಗಾಕ ಹತ್ತೈತಿ ಬೀಗರ. ಹಾರ್ಟಿಂದು ಅಂತಾರ. ನಮ್ಮ ಮನೆತನದಾಗ ಇದು ಇಲ್ಲ. ನಿಮ್ಮದ ಇರಬೇಕು. ಮದುವಿ ಮುಂದ ಒಂದು ಮಾತು ಹೇಳಬೇಕಿತ್ತು ನೀವು." ಮದುವೆಯಾಗಿ ಒಂಬತ್ತು ವರ್ಷ, ಅವರಿಗೆ ಕಾಯಿಲೆ ಕಾಣಿಸಿದ್ದು ಎರಡು ವರ್ಷದ ಹಿಂದೆ. ಕಾಣಿಸದ ಕಾಯಿಲೆಯನ್ನು ಅವರು ಏಳು ವರ್ಷ ಮುಂಚೆ ಹೇಗೆ ಹೇಳಬೇಕಿತ್ತೋ ನಾನು ಯೋಚಿಸಲಿಲ್ಲ. ಅವರು ಜಗಳಕ್ಕೆ ಬರಲಿಲ್ಲ. "ನಾಳಿ ಮೊದಲ್ನೇ ಬಸ್ಸಿಗೆ ಬರ್ತೀನ್ರಿ" ಎಂದು ಫೋನಿಟ್ಟರು.

ಬಂದರು. ಗಣತಿ ಕೆಲಸದಿಂದ ಮಂಜುಳಾಳಿಗೆ ಬಿಡುವು ಸಿಗದೆ ಒಬ್ಬರೇ ಬಂದಿದ್ದರು. ಬಿಳಿ ಪಂಚೆ, ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ, ಅದರ ತುಂಬ ಅವರ ಹೃದಯದ ರಿಪೋರ್ಟುಗಳು. ನನ್ನ ಮುಖ ನೋಡಲಿಲ್ಲ. ಆಟ ಬಿಡಿಸಿ ಕುರ್ಚಿಯ ಮೇಲೆ ಕೂಡಿಸಿದ್ದ ಶ್ರಾವಣಿಯ ಹತ್ತಿರ ಹೋಗಿ ಅವಳ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು. "ಅಜ್ಜಾ, ನನಗ ಏನಾಗೈತಿ?" ಎಂದು ಅವಳು ಕೇಳಿದಾಗ ಅವರು ಆ ಕೈ ಬಿಡದೆಯೇ ಅವಳನ್ನು ಎಬ್ಬಿಸಿ, "ದವಾಖಾನಿಗೆ ನಡೀರಿ" ಎಂದರು.

ಮಕ್ಕಳ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಅವರು ಏನಾಗಿದೆ ಎಂದು ಕೇಳುವ ಮೊದಲೇ ಬೀಗರು ಚೀಲವನ್ನು ಮೇಜಿನ ಮೇಲೆ ಸುರಿದರು. "ಇದು ನನ್ನಿಂದ ಬಂದದ್ರಿ ಡಾಕ್ಟರ. ಹಂಗಂತ ಬರ್ಕೊಳ್ರಿ. ತಾಯಿ ಕಡಿ ಏನೂ ಇಲ್ಲ" ಎಂದರು. ಡಾಕ್ಟರು ಎದೆಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿದರು, ಬೆರಳಿಗೆ ಕ್ಲಿಪ್ ಹಾಕಿ ನೋಡಿದರು, ಮತ್ತೆ ಕೇಳಿದರು. ಅಷ್ಟರಲ್ಲಿ ಶ್ರಾವಣಿ ಬೇಸರವಾಗಿ ಅಜ್ಜನ ರಿಪೋರ್ಟಿನ ಮೇಲೆ ಕೈ ಊರಿದ್ದಳು. ಎತ್ತಿದಾಗ ಕಾಗದದ ಮೇಲೆ ಐದು ನೀಲಿ ಬೆರಳು ಮೂಡಿದ್ದವು. ಡಾಕ್ಟರು ಹತ್ತಿಗೆ ಸ್ಪಿರಿಟ್ ಹಾಕಿ ಅವಳ ಅಂಗೈ ಒರೆಸಿದರು. ಹತ್ತಿ ನೀಲಿ ಆಯಿತು, ಅಂಗೈ ಬೆಳ್ಳಗಾಯಿತು.

ಜೇಬೊಂದನ್ನು ಹೊರಗೆಳೆದು ನೋಡಿ, "ಈ ಪ್ಯಾಂಟು ಯಾರು ಹೊಲಿದಿದ್ದು?" ಎಂದರು. ಶಾಂತಾ ಗೋಡೆಯ ಮೇಲಿನ ಲಸಿಕೆಯ ಪಟ್ಟಿಯನ್ನು ಓದತೊಡಗಿದಳು. ನಾನು ತಲೆಯ ಮೇಲಿನ ಫ್ಯಾನನ್ನು ನೋಡತೊಡಗಿದೆ. "ನಮ್ಮ ತಾತ" ಎಂದಳು ಶ್ರಾವಣಿ. "ಎಂಟು ಜೇಬು ಅದಾವ ನೋಡ್ರಿ." ಡಾಕ್ಟರು ನನ್ನ ಕಡೆ ತಿರುಗಿ, "ತಾತ ಏನು ಕೆಲಸ ಮಾಡ್ತಿದ್ರಿ?" ಎಂದು ಕೇಳಿದರು. ಹೇಳಿದೆ. ಅವರು ನಗಲಿಲ್ಲ. ನಕ್ಕಿದ್ದರೆ ನಾನೂ ಜೊತೆಗೆ ನಕ್ಕು ಪಾರಾಗುತ್ತಿದ್ದೆ. ಚೀಟಿಯಲ್ಲಿ 'ಪ್ಯಾಂಟನ್ನು ನಾಲ್ಕು ಸಲ ತೊಳೆದು ಹಾಕುವುದು' ಎಂದು ಬರೆದು, ಔಷಧದ ಚೀಟಿಯ ಹಾಗೆಯೇ ಮಡಚಿ ಕೊಟ್ಟರು. ಮೂವತ್ತೊಂದು ವರ್ಷ ನನ್ನ ಸ್ವಂತ ಉಗುರುಗಳು ನೀಲಿಯಾಗಿದ್ದವು, ಮದುವೆಯಾದ ಹೊಸದರಲ್ಲಿ ನೀಲಿ ಕೈಯಲ್ಲೇ ಅನ್ನ ಕಲಸುತ್ತೀರಲ್ಲ ಎಂದು ಶಾಂತಾ ಹೇಸಿದ್ದಳು. ಊರಿನಲ್ಲಿ ಯಾರಿಗೆ ತಿಳಿಯದಿದ್ದರೂ ನನಗೊಬ್ಬನಿಗೆ ತಿಳಿಯಬೇಕಿತ್ತು.

ಹೊರಗೆ ಬೇವಿನ ಮರದ ಕೆಳಗೆ ನಿಂತು ಬೀಗರಿಗೆ ಕೈ ಮುಗಿದೆ. "ತಪ್ಪಾತ್ರಿ ಬೀಗರ. ನಾ ಆಡಬಾರದ್ದು ಆಡಿದೆ."

"ಬಿಡ್ರಿ, ಕೂಸಿಗೆ ಏನಿಲ್ಲ ಅಂದ್ರಲ್ಲ" ಎಂದರು. ರಿಪೋರ್ಟುಗಳನ್ನು ಒಂದೊಂದಾಗಿ ಜೋಡಿಸಿ ಚೀಲಕ್ಕೆ ಹಾಕಿಕೊಳ್ಳುತ್ತ ಮೆಲ್ಲಗೆ ಹೇಳಿದರು: "ನಮ್ಮ ಮನ್ಯಾಕಿ ಬಾಯಿ ನಿಮಗೆ ಗೊತ್ತಲ್ರಿ. ನಿನ್ನೆ ನಿಮ್ಮ ಫೋನ್ ಬಂದ ಕೂಡ್ಲೆ, ಇದು ನನ್ನ ಕಡಿಯಿಂದ ಬಂದ ಕಾಯಿಲಿ, ಮಂಜುಳಾಗ ಯಾರೂ ಒಂದು ಮಾತು ಅನ್ನಂಗಿಲ್ಲ ಅಂತ ಎಲ್ಲಾರ ಮುಂದ ಹೇಳಿಟ್ಟು ಬಂದೀನಿ." ನಾನು ಫೋನಿನಲ್ಲಿ ಅವರ ಮನೆತನದ ಮೇಲೆ ಹೊರಿಸಿದ್ದನ್ನು ಅವರು ನನ್ನ ಮಗಳಿಗಾಗಿ ಅಷ್ಟು ಹೊತ್ತಿಗಾಗಲೇ ಹೊತ್ತುಕೊಂಡಿದ್ದರು. ನನಗೆ ಅಲ್ಲೇ ಕೂತುಬಿಡಬೇಕು ಎನಿಸಿತು, ಕೂರಲು ಕಟ್ಟೆ ಇರಲಿಲ್ಲ. "ಮತ್ತ ಈಗ ಮನಿಯಾಗ ಏನ್ ಹೇಳ್ತೀರಿ?" ಎಂದೆ. ಅವರು ಸ್ವಲ್ಪ ಯೋಚಿಸಿ, "ಅಂಗಡ್ಯಾಗ ತಂದ ಪ್ಯಾಂಟಿನ ಬಣ್ಣ ಅಂತೀನಿ. ನಿಮ್ಮ ಹೆಸರು ಯಾಕ ಬೇಕು" ಎಂದು ಹೇಳಿ, ಚಹಾ ಸಹ ಕುಡಿಯದೆ ಬಸ್ಸಿಗೆ ಹೊರಟರು.

ಹಾಗೆಯೇ ಹೇಳಿದ್ದಾರೆ. ಸಂಜೆ ಮಂಜುಳಾಳ ಫೋನ್ ಬಂತು. ಅತ್ತು ಮುಗಿಸಿ ಈಗ ಸಿಟ್ಟಿಗೆ ಬಂದಿದ್ದಳು. "ಯಾವ ಅಂಗಡೀಲಿ ತಂದ್ಯಪ್ಪ ಅದನ್ನ? ಸುಮ್ನ ಬಿಡಬ್ಯಾಡ ಅವ್ರನ್ನ. ಎಳೇ ಕೂಸು ಹಾಕ್ಕೊಳ್ಳೋದು ಅಂತ ಗೊತ್ತಿದ್ದೂ ಹಂಗ ಕೊಟ್ಟಾರಲ್ಲ. ಮಾವ ನಿನ್ನೆಯಿಂದ ಊಟ ಮಾಡಿಲ್ಲ. ಹೊಲಿದಾವ್ನಿಗೆ ನಾಚಿಕಿ ಆಗಬೇಕು."

"ಆಗೈತವ್ವ" ಎಂದೆ.

"ನಿನಗ ಹೆಂಗ ಗೊತ್ತು?" ಎಂದಳು.

ಶಾಂತಾ ಹಿತ್ತಲಲ್ಲಿ ಪ್ಯಾಂಟು ಒಗೆಯುತ್ತಿದ್ದಳು, ಮೂರನೆಯ ಸಲ. ಒಗೆಯುವ ಸದ್ದಿನಲ್ಲಿ ಕೇಳಿಸುತ್ತಿಲ್ಲ ಎಂದು ಹೇಳಿ ಫೋನಿಟ್ಟೆ.